ಹಳೆಯ ಬಣ್ಣದ ಪ್ರಿಂಟ್: ಟೆಕ್ನಿಕಲರಾ, ಈಸ್ಟ್‌ಮನ್‌ಕಲರಾ?

ಹಳೆಯ ಸಿನಿಮಾವನ್ನು ರೀಲಿನಲ್ಲೇ ತೋರಿಸಬೇಕು, ಟೆಕ್ನಿಕಲರ್, ಈಸ್ಟ್‌ಮನ್‌ಕಲರ್ ಎಂಬ ಎರಡೂ ಬಣ್ಣದ ಪದ್ಧತಿಯ ಪ್ರಿಂಟ್ ಸಿಗುವ ಹಾಗಿದೆ ಅಂದರೆ ಕಣ್ಣುಮುಚ್ಚಿಕೊಂಡು ಟೆಕ್ನಿಕಲರ್ ಆರಿಸಿ. 1932ರಲ್ಲಿ ಬಂದ ಅದರ ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನು ಮೂರು ಬೇರೆ ಬೇರೆ ಕಪ್ಪು-ಬಿಳುಪು ನೆಗೆಟಿವ್‌ಗಳಲ್ಲಿ ಹಿಡಿಯುತ್ತಿತ್ತು. ಪ್ರಿಂಟ್ ಮಾಡುವಾಗ ಬಟ್ಟೆಗೆ ಅಚ್ಚು ಹಾಕಿದಂತೆ ಒಂದರ ಮೇಲೊಂದು ಬಣ್ಣ ಒತ್ತುತ್ತಿದ್ದರು. ಆ ಬಣ್ಣ ಅಷ್ಟು ಸುಲಭವಾಗಿ ಮಾಸುವುದಿಲ್ಲ. ಕ್ಯಾಮೆರಾ ಮಾತ್ರ ರಾಕ್ಷಸ ಗಾತ್ರದ್ದು, ಲೈಟೂ ಜಾಸ್ತಿ ಬೇಕಿತ್ತು.

1950ರ ಈಸ್ಟ್‌ಮನ್‌ಕಲರ್ ಈ ತಲೆನೋವು ತಪ್ಪಿಸಿತು. ಮೂರೂ ಬಣ್ಣದ ಪದರ ಒಂದೇ ಫಿಲ್ಮಿನಲ್ಲಿ, ಮಾಮೂಲಿ ಕ್ಯಾಮೆರಾ ಸಾಕು, ಖರ್ಚೂ ಕಮ್ಮಿ. ಗೆದ್ದಿದ್ದು ಅದೇ ಬಿಡಿ. ಆದರೆ 50-70ರ ದಶಕದ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿ: ನೀಲಿ-ಹಸಿರು ಹಾರಿಹೋಗಿ ಆಕಾಶವೆಲ್ಲ ಗುಲಾಬಿ, ಕಪ್ಪು ಕೂದಲು ಕಂದುಗೆಂಪು! 80ರ ದಶಕದಲ್ಲಿ ಬಣ್ಣ ತಡೆಯುವ ಫಿಲ್ಮ್ ಬಂದ ಮೇಲಿನವು ಪರವಾಗಿಲ್ಲ.

ಸೌಂಡು? ಅಂಚಿನಲ್ಲಿ ಆಪ್ಟಿಕಲ್ ಟ್ರ್ಯಾಕ್ ಇದ್ದರೆ ನಿಶ್ಚಿಂತೆ, ಅದನ್ನು ಬೆಳಕಿನಿಂದಲೇ ಓದುವುದು ಅಲ್ವಾ, ಸಾಮಾನ್ಯ ಪ್ರೊಜೆಕ್ಟರಿನಲ್ಲೂ ಓಡುತ್ತದೆ. 1953ರಲ್ಲಿ ಸಿನಿಮಾಸ್ಕೋಪ್ ಎಂಬ ಅಗಲ ಪರದೆಯ ಪದ್ಧತಿಯ ಜೊತೆ ಬಂದ, ಕ್ಯಾಸೆಟ್ ಟೇಪಿನ ಹಾಗೆ ಕಾಂತೀಯ ಪಟ್ಟಿಯಲ್ಲಿ ಸೌಂಡು ಇರುವ ನಾಲ್ಕು ಟ್ರ್ಯಾಕಿನ ಮ್ಯಾಗ್ನೆಟಿಕ್ ಪ್ರಿಂಟ್ ಕೇಳೋದಕ್ಕೆ ಎಷ್ಟೋ ಚೆನ್ನ. ಆದರೆ ಓಡಿಸಿದಷ್ಟೂ ಸವೆಯುತ್ತದೆ, ಸೌಂಡು ಓದಲು ಬೇರೆಯದೇ ಹೆಡ್ ಬೇಕು. ಅದು ನಿಮ್ಮ ಪ್ರೊಜೆಕ್ಟರಿನಲ್ಲಿದೆಯಾ ಅಂತ ಮೊದಲು ವಿಚಾರಿಸಿಕೊಳ್ಳಿ.