ನಂದಿಬೆಟ್ಟ ಕಾಣೋ ಕಿಟಕಿ ಯಾವುದು?

2008ರಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾದಾಗಿನಿಂದ ಚಿಕ್ಕಬಳ್ಳಾಪುರದ ನಮಗೆ ವಿಮಾನ ನೋಡೋದು ಹೊಸದಲ್ಲ. ತಂಗಿ ಮದುವೆಯಾಗಿ ದೆಹಲಿಗೆ ಹೋದ ಮೇಲೆ ಅದರೊಳಗೆ ಕೂರೋ ಯೋಗವೂ ಬಂತು. ಹೋದ ಸಲವೆಲ್ಲ ಬೇರೆ ಬೇರೆ ಕಿಟಕಿ ಹಿಡಿದು ನೋಡಿದ್ದೇನೆ. ನನ್ನ ಅಳತೆಗೋಲು ಒಂದೇ: ನಮ್ಮ ನಂದಿಬೆಟ್ಟ ಕಾಣಬೇಕು.

ಮೊದಲ ಸಲ ಸಿಕ್ಕಿದ್ದು 14ಎ, ಅಂದರೆ 14ನೇ ಸಾಲಿನ ಎಡಗಡೆ ಕಿಟಕಿ ಸೀಟು. ಕಿಟಕಿ ಸಿಕ್ಕಿತಲ್ಲ ಅಂತ ಕೂತರೆ, ಕೆಳಗೆ ನೋಡಿದಷ್ಟೂ ಬಿಳಿ ರೆಕ್ಕೆ. ಏರ್‌ಬಸ್ 320ರಲ್ಲಿ ಸುಮಾರು 10ರಿಂದ 20ನೇ ಸಾಲಿನವರೆಗೆ ಇದೇ ಪಾಡು. ಕುಲುಕಾಟ ಕಡಿಮೆ ಅನ್ನೋದು ಬಿಟ್ಟರೆ ನೋಡೋಕೆ ಏನೂ ಇಲ್ಲ.

ಮುಂದಿನ ಸಲ 26ಎ. ನೋಟವೇನೋ ತೆರೆದುಕೊಂಡಿತು, ಆದರೆ ಎಂಜಿನ್ನಿನ ಬಿಸಿಗಾಳಿ ಅಡ್ಡ ಬರುತ್ತೆ. ಸೌದೆ ಒಲೆಯ ಆಚೆ ಇರೋ ಗೋಡೆ ನಡುಗಿದ ಹಾಗೆ ಬೆಟ್ಟವೇ ನಡುಗುತ್ತಿತ್ತು. ಕಣ್ಣು ಹೇಗೋ ಹೊಂದಿಕೊಳ್ಳುತ್ತೆ, ಫೋಟೋ ಮಾತ್ರ ಮಸುಕು. ಆಮೇಲೆ 5ಎ. ಎಂಜಿನ್ ಹಿಂದೆ ಉಳಿಯುತ್ತೆ, ಗಾಜಿನ ತುಂಬಾ ನೆಲ. ದುಡ್ಡು ಸ್ವಲ್ಪ ಹೆಚ್ಚು ಕೇಳ್ತಾರೆ, ಕೊಡಬಹುದು.

ಆದರೆ ಸಾಲಿಗಿಂತ ಮುಖ್ಯ ಎಡವೋ ಬಲವೋ ಅನ್ನೋದು. ಇದನ್ನು ತಿಳಿಯೋಕೆ ನನಗೆ ಮೂರು ಪ್ರಯಾಣ ಬೇಕಾಯಿತು. ದೇವನಹಳ್ಳಿಯ ಎರಡೂ ರನ್‌ವೇ ಪೂರ್ವ–ಪಶ್ಚಿಮಕ್ಕಿವೆ, ನಂದಿ ಇರೋದು ಅಲ್ಲಿಂದ ಉತ್ತರಕ್ಕೆ. ವಿಮಾನ ಗಾಳಿಗೆ ಎದುರಾಗಿಯೇ ಏರುತ್ತೆ, ಎದುರಾಗಿಯೇ ಇಳಿಯುತ್ತೆ. ಮುಂಗಾರಿನ ಪಡುವಣ ಗಾಳಿಗೆ ಪಶ್ಚಿಮಕ್ಕೆ ಮುಖ ಮಾಡಿದರೆ ಬೆಟ್ಟ ಬಲಕ್ಕೆ, ಅಂದರೆ ಎಫ್ ಸೀಟು. ಚಳಿಗಾಲದ ಮೂಡಗಾಳಿಗೆ ಪೂರ್ವಕ್ಕೆ ಮುಖ ಮಾಡಿದರೆ ಎಡಕ್ಕೆ, ಎ ಸೀಟು. ಏರುವಾಗ ಯಾವ ಕಡೆಯೋ ಇಳಿಯುವಾಗಲೂ ಅದೇ ಕಡೆ. ವೆಬ್ ಚೆಕ್-ಇನ್‌ನಲ್ಲಿ ಸೀಟು ಆರಿಸೋ ಮುಂಚೆ ನಾನು ಸೇವಂತಿಗೆ ತೋಟದ ಕಡೆ ನೋಡ್ತೀನಿ. ಔಷಧಿ ಹೊಡೆಯೋರು ಗಾಳಿಗೆ ಬೆನ್ನು ಕೊಟ್ಟಿರ್ತಾರೆ, ವಿಮಾನ ಎದೆ ಕೊಡುತ್ತೆ. ಅವರ ಮುಖ ಎತ್ತಲೋ ವಿಮಾನದ ಮುಖ ಅದಕ್ಕೆ ತದ್ವಿರುದ್ಧ.

ಬೆಳಗಿನ ದೆಹಲಿ ವಿಮಾನದಲ್ಲಿ ಇನ್ನೊಂದು ಲೆಕ್ಕವಿದೆ. ಸೂರ್ಯ ಬಲಕ್ಕಿರೋದರಿಂದ ಆ ಕಡೆ ಕೂತವರು ಪರದೆ ಎಳೆದುಬಿಡ್ತಾರೆ. ಎಡಗಡೆ ಕೂತಿದ್ದಾಗ ಕೆಳಗಿನ ಮೋಡದ ಮೇಲೆ ನಮ್ಮದೇ ವಿಮಾನದ ನೆರಳು, ಅದರ ಸುತ್ತ ಪುಟ್ಟ ಬಣ್ಣದ ಬಳೆ ಕಂಡೆ. ನಂದಿಯಷ್ಟೇ ಇಷ್ಟವಾಯಿತು. ಹಾಗಾಗಿ ಮಳೆಗಾಲದ ಬೆಳಗ್ಗೆ, ಬೆಟ್ಟ ಹೇಗೂ ಮಂಜಿನಲ್ಲಿ ಮುಚ್ಚಿರುವಾಗ, ನಾನು ಎಡಕ್ಕೇ ಕೂರ್ತೀನಿ.

ಹುಬ್ಬಳ್ಳಿಗೆ ಹೋದದ್ದು ಎಟಿಆರ್‌ನಲ್ಲಿ. ಎರಡು ಫ್ಯಾನಿನ ಆ ಚಿಕ್ಕ ವಿಮಾನದ ರೆಕ್ಕೆ ತಲೆಯ ಮೇಲಿರುತ್ತೆ, ಕೆಳಗೆ ಅಡ್ಡವೇ ಇಲ್ಲ. ಹಾರೋ ಎತ್ತರವೂ ಕಡಿಮೆ, ಹೊಲದ ಬದುಗಳೆಲ್ಲ ಕಾಣುತ್ತೆ. ಸದ್ದು ಜಾಸ್ತಿ, ಆದರೂ ನೆಲ ನೋಡೋಕೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಮಧ್ಯದಿಂದ ಹಿಂದಕ್ಕೆ ಕೂತುಕೊಳ್ಳಿ, ಮುಂದೆ ಫ್ಯಾನು ಕಣ್ಣಿಗೆ ಸಿಗುತ್ತೆ.

ಕಳೆದ ಜನವರಿಯಲ್ಲಿ ಅಮ್ಮನನ್ನು ದೆಹಲಿಗೆ ಕರೆದುಕೊಂಡು ಹೋದೆ. ಮೂಡಗಾಳಿ ಇತ್ತು, ಅವಳಿಗೆ 4ಎ ತೆಗೆದೆ. ಪೂರ್ವಕ್ಕೆ ಏರಿದ ವಿಮಾನ ಎಡಕ್ಕೆ ವಾಲಿದ್ದೇ ತಡ, ಪಾಲಿಹೌಸುಗಳ ಬಿಳಿ ಚೌಕಗಳ ಆಚೆ ಬೆಟ್ಟದ ಸಾಲು ಎದ್ದು ಬಂತು. ಅಮ್ಮ ಹಣೆಯನ್ನು ಗಾಜಿಗೆ ಒತ್ತಿಕೊಂಡಳು. "ಅದು ನಂದಿ ಅಲ್ವೇನೋ? ಪಕ್ಕದ್ದು ಸ್ಕಂದಗಿರಿ. ಹಂಗಾದ್ರೆ ನಮ್ಮ ಕಂದವಾರ ಕೆರೆ ಎಲ್ಲೋ?" ಅಂತ ಕೇಳಿದಳು. ನಾನು ಅವಳ ಭುಜದ ಮೇಲಿಂದ ಬಗ್ಗಿ ಹುಡುಕುತ್ತಿದ್ದೆ, ಅಷ್ಟರಲ್ಲಿ ಅವಳೇ ಬೆರಳಿಟ್ಟು ತೋರಿಸಿದಳು.