ಎರಡು ಮಳೆಗಾಲ ಕಂಡ ಎಲೆಕ್ಟ್ರಿಕ್ ಕಾರು: ಓಡುವುದರಲ್ಲಿ ತಕರಾರಿಲ್ಲ, ಬಾಗಿಲಿನದ್ದೇ ರಗಳೆ

ಕಾರು ತಗೊಂಡು ಎರಡು ವರ್ಷ ಆಯ್ತು, ಮೀಟರಿನಲ್ಲಿ 34,000 ಕಿಲೋಮೀಟರ್. ಸುರತ್ಕಲ್‌ನಿಂದ ಮಣಿಪಾಲಕ್ಕೆ ವಾರದಲ್ಲಿ ಮೂರು ನಾಲ್ಕು ದಿನ ಹೋಗಿ ಬರುವವ ನಾನು. ರೇಂಜಿನ ಬಗ್ಗೆ, ಎಸಿಯ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ. ಮಾಡೆಲ್ ಹೆಸರು ಬೇಡ. ನಾನು ಬರೆಯಲಿಕ್ಕೆ ಹೊರಟದ್ದು ಈಗ ಎಷ್ಟೋ ಕಾರುಗಳಲ್ಲಿ ಬರುವ ವಸ್ತುವಿನ ಬಗ್ಗೆ: ಬಾಗಿಲಿನೊಳಗೆ ಅಡಗಿ ಕೂರುವ ಫ್ಲಶ್ ಹ್ಯಾಂಡಲ್.

ಮೊದಲ ತಿಂಗಳು ನನಗೂ ಖುಷಿಯೇ. ಕೀ ಕಿಸೆಯಲ್ಲಿಟ್ಟು ಹತ್ತಿರ ಹೋದರೆ ಸಾಕು, ಹ್ಯಾಂಡಲ್ ತಾನಾಗಿ ಹೊರಗೆ ಬರ್ತದೆ. ಅಮ್ಮನಿಗೆ ಮಾತ್ರ ಅದು ಒಗ್ಗಲೇ ಇಲ್ಲ. ಒಂದು ದಿನ ನಾನು ಮೊದಲೇ ಹೋಗಿ ಒಳಗೆ ಕೂತಿದ್ದೆ. ಅವರು ಮೀನು ಮಾರ್ಕೆಟಿನಿಂದ ಬಂಗುಡೆ ಚೀಲ ಹಿಡಿದುಕೊಂಡು ಬರುವಷ್ಟರಲ್ಲಿ ಹ್ಯಾಂಡಲ್ ಪುನಃ ಒಳಗೆ ಹೋಗಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. “ಹಿಡಿಯಲಿಕ್ಕೆ ಎಂತ ಉಂಟು ಮಗ ಇದರಲ್ಲಿ? ಗೋಡೆಯ ಹಾಗೆ ಉಂಟಲ್ಲ!” ಅಂದರು. ಈಗ ಅವರು ಬಾಗಿಲ ಹತ್ತಿರ ಬಂದು ಸುಮ್ಮನೆ ನಿಲ್ತಾರೆ, ನಾನೇ ಇಳಿದು ತೆಗೀಬೇಕು. ಮಂತ್ರಿಗಳ ಅಮ್ಮ ಅಂತ ನೆರೆಯವರ ತಮಾಷೆ.

2012ರಲ್ಲಿ ಟೆಸ್ಲಾ ಮಾಡೆಲ್ ಎಸ್ ಬಂದ ಮೇಲೆ ಈ ಹ್ಯಾಂಡಲ್ ಎಲೆಕ್ಟ್ರಿಕ್ ಕಾರಿನ ಗುರುತೇ ಆಗಿಹೋಯಿತು. ಗಾಳಿಯ ತಡೆ ಕಡಿಮೆಯಾಗ್ತದೆ ಎಂಬುದು ಸುಳ್ಳಲ್ಲ, ಆದರೆ ಆ ಉಳಿತಾಯ ನನ್ನ ದಿನದ ಓಡಾಟದಲ್ಲಿ ಕಣ್ಣಿಗೆ ಕಂಡದ್ದಿಲ್ಲ. ಕಂಡದ್ದು ಸಂದಿಯಲ್ಲಿ ಕೂರುವ ಕೆಂಪು ಮಣ್ಣು. 14ನೇ ತಿಂಗಳಲ್ಲಿ ಎಡಗಡೆಯ ಹಿಂದಿನ ಹ್ಯಾಂಡಲ್ ಕರ್ರ್ ಅಂತ ಅರ್ಧ ಬಂದು ನಿಂತಿತು. ವಾರಂಟಿಯಲ್ಲಿ ಬದಲಾಯಿಸಿ ಕೊಟ್ಟರು, ಪಾರ್ಟ್ ಬರಲಿಕ್ಕೆ ಮಾತ್ರ 11 ದಿನ.

ನಿಜವಾದ ಪೇಚಾಟ ಕಳೆದ ಜೂನಿನದ್ದು. ಎರಡು ವಾರ ಮುಂಬೈಯಲ್ಲಿದ್ದು ರೈಲಿನಲ್ಲಿ ವಾಪಸ್ಸು ಬಂದೆವು, ರಾತ್ರಿ, ಜಡಿಮಳೆ. ಕೀ ಒತ್ತಿದರೆ ಕಾರಿನಲ್ಲಿ ಜೀವವೇ ಇಲ್ಲ. ಫೋನಿನ ಆ್ಯಪ್‌ನಲ್ಲಿ ಹಿಂದಿನ ದಿನದ ಲೆಕ್ಕ: ಬ್ಯಾಟರಿ ನೂರಕ್ಕೆ 71. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂದರೆ ಇದೇ! ಕಾರು ಆಫ್ ಆದಾಗ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿದಿರ್ತದೆ. ಲಾಕು, ಹ್ಯಾಂಡಲಿನ ಮೋಟರು ಎಲ್ಲ ನಡೆಯುವುದು ಬೇರೆಯೇ ಒಂದು ಸಣ್ಣ 12 ವೋಲ್ಟ್ ಬ್ಯಾಟರಿಯಲ್ಲಿ. ಅದು ಸತ್ತಿತ್ತು. ಅರ್ಧ ತಪ್ಪು ನನ್ನದೇ, ಡ್ಯಾಶ್‌ಕ್ಯಾಮ್ ಅನ್ನು ಯಾವಾಗಲೂ ಕರೆಂಟ್ ಬರುವ ವಯರಿಗೆ ಕೊಡಿಸಿದ್ದೆ.

ರಿಮೋಟಿನ ಹೊಟ್ಟೆಯಲ್ಲಿ ಕಬ್ಬಿಣದ ಕೀ ಉಂಟು ಅಂತ ಗೊತ್ತಿತ್ತು, ತೂತು ಎಲ್ಲಿ ಅಂತ ಗೊತ್ತಿರಲಿಲ್ಲ. ಹೆಂಡತಿ ಕೊಡೆ ಹಿಡಿದಳು, ನಾನು ಬಾಗಿಲನ್ನು ಅಲ್ಲಲ್ಲಿ ಒತ್ತುತ್ತಾ ಹೋದೆ. ಹ್ಯಾಂಡಲಿನ ಮುಂದಿನ ತುದಿ ಗಟ್ಟಿ ಒತ್ತಿದಾಗ ಹಿಂದಿನ ತುದಿ ಎದ್ದಿತು, ಅದರ ಹಿಂದೆ ಬೀಗದ ತೂತು. ಇಪ್ಪತ್ತು ನಿಮಿಷ ನೆನೆದದ್ದಕ್ಕೆ ಸಿಕ್ಕಿದ ವಿದ್ಯೆ. ಬೆಳಿಗ್ಗೆ ಪಕ್ಕದ ಮನೆಯ ಹಳೇ ಪೆಟ್ರೋಲ್ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಿದೆವು. ಡೆಲಿವರಿ ದಿನ ಹಾರ ಹಾಕಿ ಫೋಟೋ ತೆಗೆದವರು ಇದೊಂದನ್ನು ತೋರಿಸಿದ್ದರೆ ಎಂತ ಹೋಗ್ತಿತ್ತು?

ಇದು ನನ್ನೊಬ್ಬನ ಗೋಳಲ್ಲ. 12 ವೋಲ್ಟಿನ ಶಕ್ತಿ ಸಾಲದೆ ಹೊರಗಿನ ಹ್ಯಾಂಡಲ್ ಕೆಲಸ ಮಾಡದೆ, ಹಿಂದಿನ ಸೀಟಿನ ಮಕ್ಕಳನ್ನು ಇಳಿಸಲಾಗದ ದೂರುಗಳು ಬಂದ ಮೇಲೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ 2021ರ ಟೆಸ್ಲಾ ಮಾಡೆಲ್ ವೈ ಬಗ್ಗೆ ತನಿಖೆ ಶುರುಮಾಡಿತು. ಚೀನಾ ಇನ್ನೂ ಮುಂದೆ ಹೋಗಿ, 2027ರ ಜನವರಿ 1ರಿಂದ ಬಾಗಿಲು ಒಳಗಿನಿಂದಲೂ ಹೊರಗಿನಿಂದಲೂ ಕರೆಂಟಿಲ್ಲದೆ ತೆರೆಯುವಂತಿರಬೇಕು ಎಂಬ ನಿಯಮ ತಂದಿದೆ.

ನನ್ನ ಕಾರಿನಲ್ಲಿ ಒಳಗಿನ ಲಿವರ್ ಎಳೆದರೆ ಕರೆಂಟಿಲ್ಲದೆಯೂ ಬಾಗಿಲು ತೆರೀತದೆ, ಅಷ್ಟು ಸಮಾಧಾನ. ಆದರೆ ಚೈಲ್ಡ್ ಲಾಕ್ ಹಾಕಿದ್ದರೆ ಹಿಂದೆ ಕೂತವರ ಲಿವರ್ ಸುಮ್ಮನೆ ಆಡ್ತದೆ. ಅಮ್ಮ ಕೂರುವ ಬದಿಯ ಲಾಕ್ ಈಗ ತೆಗೆದಿಟ್ಟಿದ್ದೇನೆ, ಮಗಳ ಬದಿಯದ್ದು ಹಾಗೇ ಉಂಟು. ಡ್ಯಾಶ್‌ಕ್ಯಾಮ್ ವಯರು ಬದಲಾಯಿಸಿದೆ, ಸಂದಿಗೆ ತಿಂಗಳಿಗೊಮ್ಮೆ ನೀರು ಬಿಟ್ಟು ಸಿಲಿಕಾನ್ ಸ್ಪ್ರೇ ಹೊಡೀತೇನೆ.

ಕಾರಿಗೆ ಐದರಲ್ಲಿ ನಾಲ್ಕು, ಬಾಗಿಲಿಗೆ ಎರಡು. ಶೋರೂಮಿಗೆ ಹೋಗುವವರು ಸನ್‌ರೂಫ್ ನೋಡುವ ಮೊದಲು ಕಬ್ಬಿಣದ ಕೀ ಕೇಳಿ ತಗೊಂಡು, ನೀವೇ ಒಮ್ಮೆ ಬಾಗಿಲು ತೆಗೆದು ನೋಡಿ. ನಮ್ಮ ಸೇಲ್ಸ್ ಹುಡುಗನನ್ನು ಆಮೇಲೆ ಕೇಳಿದ್ದೆ. ಅವನಿಗೂ ತೂತು ಸಿಕ್ಕಿರಲಿಲ್ಲ.