ನಾಲ್ಕೂ ಬದಿ ನೋಡದೆ ಹಳೆಯ ಅಂಚೆ ಚೀಟಿ ಕೊಳ್ಳಬೇಡಿ

ಹಳೆಯ ಅಂಚೆ ಚೀಟಿ ಕೂಡಿಸುವವರೆಲ್ಲ ದಯವಿಟ್ಟು ಇದನ್ನು ಓದಿ. ನನಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದು.

ಅಮೆರಿಕದ ವಾಷಿಂಗ್ಟನ್-ಫ್ರಾಂಕ್ಲಿನ್ ಸರಣಿ ಅಂದ್ರೆ ನನಗೆ ಪ್ರಾಣ. 1908ರಿಂದ 1922ರವರೆಗೆ ಬಂದ ಚೀಟಿಗಳವು. ಅದರ ಮೊದಲ ವರ್ಷಗಳ, ದೊಡ್ಡ ಮುಖಬೆಲೆಯ ಒಂದು ಚೀಟಿಗಾಗಿ ತುಂಬಾ ಕಾದಿದ್ದೆ. ಕೊನೆಗೂ ಸಿಕ್ಕಿತು. ಬಣ್ಣ ಮಾಸಿರಲಿಲ್ಲ, ಅಂಚೆ ಮುದ್ರೆ ಹಗುರವಾಗಿತ್ತು, ನಾಲ್ಕೂ ಕಡೆ ಹಲ್ಲುಗಳಿದ್ದವು (ಬಿಡಿಸಲು ಹೊಡೆದ ತೂತಿನ ಸಾಲು ಹರಿದಾಗ ಉಳಿಯುವ ತುದಿಗಳು). ಮೇಲಿನ ಬದಿಗೆ ಪರ್ಫೊರೇಷನ್ ಗೇಜ್, ಅಂದ್ರೆ ತೂತುಗಳ ಲೆಕ್ಕ ಅಳೆಯುವ ಪಟ್ಟಿ ಹಿಡಿದೆ. 12 ಬಂತು. ಅಂದ್ರೆ ಎರಡು ಸೆಂಟಿಮೀಟರಿಗೆ 12 ತೂತು. ಇರಬೇಕಾದದ್ದೂ ಅಷ್ಟೇ. ದುಡ್ಡು ಕೊಟ್ಟುಬಿಟ್ಟೆ.

ಆಲ್ಬಮ್‌ಗೆ ಹಾಕುವಾಗ, ಅದೇ ಸರಣಿಯ ಒಂದು ಸಾಮಾನ್ಯ ಚೀಟಿಯ ಮೇಲೆ ಇದನ್ನಿಟ್ಟೆ. ಅಗಲ ಕಡಿಮೆ! ಅದೂ ಒಂದೇ ಸಮನಾಗಿ ಅಲ್ಲ. ಮೇಲ್ತುದಿಗಿಂತ ಕೆಳತುದಿ ಅರ್ಧ ಮಿಲಿಮೀಟರ್‌ನಷ್ಟು ಕಿರಿದು. ಎಡಬದಿ ಓರೆಯಾಗಿತ್ತು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ತಗೊಂಡೆ. ಬಲಬದಿಯ ಹಲ್ಲಿನ ತುದಿಗಳಲ್ಲಿ ಕಾಗದದ ಎಳೆಗಳು ಹತ್ತಿಯ ಹಾಗೆ ಎದ್ದು ನಿಂತಿದ್ದವು. ಹಾಳೆಯಿಂದ ಹರಿದ ಚೀಟಿ ಹಾಗೇ ಇರುತ್ತದೆ. ಎಡಬದಿಯ ತುದಿಗಳು ಮಾತ್ರ ಬ್ಲೇಡಿನಿಂದ ಕೊಯ್ದ ಹಾಗೆ ನುಣುಪು. ಒಂದು ಎಳೆಯೂ ಇಲ್ಲ. ತೂತುಗಳು ಉಳಿದ ಬದಿಗಳ ತೂತಿಗಿಂತ ತುಸು ಚಿಕ್ಕವು, ಅಂಚು ತೀರಾ ಚೊಕ್ಕ. ಗೇಜ್ ಇಟ್ಟರೆ ಅಲ್ಲೂ 12! ಆ ತೂತುಗಳನ್ನು ಆಮೇಲೆ ಹೊಡೆದವನಿಗೆ ಲೆಕ್ಕ ಗೊತ್ತಿತ್ತು. ಅದಕ್ಕೇ ಹೇಳುವುದು, ಬರೀ ಗೇಜ್ ನಂಬಬೇಡಿ.

ಆಗ ಈ ಚೀಟಿಗಳನ್ನು 400ರ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ, 100ರ ನಾಲ್ಕು ಭಾಗವಾಗಿ ಕತ್ತರಿಸುತ್ತಿದ್ದರು. ಕತ್ತರಿ ಹೋದ ಸಾಲಿನ ಚೀಟಿಗಳಿಗೆ ಆ ಬದಿಯಲ್ಲಿ ಹಲ್ಲೇ ಇರಲಿಲ್ಲ. ಸಂಗ್ರಾಹಕರಿಗೆ ಅಂಥವು ಬೇಡ, ಬೆಲೆಯೂ ಕಡಿಮೆ. ಹಾಗಾಗಿ ಬೋಳು ಬದಿಗೆ ಆಮೇಲೆ ತೂತು ಹೊಡೆದು ಮಾರುವ ಕೆಲಸ ಶುರುವಾಯಿತು.

ಅನುಮಾನ ಬಂದ ಮೇಲೆ ಕಪ್ಪು ತಟ್ಟೆಯಲ್ಲಿ ಚೀಟಿಯನ್ನು ಬೋರಲಾಗಿಟ್ಟು ಎರಡು ಹನಿ ವಾಟರ್‌ಮಾರ್ಕ್ ದ್ರವ (ಕಾಗದದೊಳಗಿನ ಗುರುತು ಕಾಣಿಸುವ ದ್ರವ) ಹಾಕಿದೆ. ಮೇಲಿನ ಮೂಲೆಯಲ್ಲಿ ಉಗುರಿನ ತುದಿಯಷ್ಟು ಜಾಗ ತಕ್ಷಣ ಕಪ್ಪಾಯಿತು. ಅಲ್ಲಿ ಕಾಗದ ತೆಳುವಾಗಿದೆ ಅಂತ ಅರ್ಥ. ಅದರ ನಡುವೆ ಇನ್ನೊಂದು ಪುಟ್ಟ ತೇಪೆ ಬಿಳಿಯಾಗಿಯೇ ಉಳಿಯಿತು. ಅಂದ್ರೆ ಏನನ್ನೋ ಮೆತ್ತಿ ತುಂಬಿದ್ದಾರೆ. ಯುವಿ ದೀಪದ ಕೆಳಗೆ ಆ ತೇಪೆ ನೀಲಿ ಬಿಳುಪಾಗಿ ಹೊಳೆಯಿತು, ಸುತ್ತಲಿನ ಹಳೆ ಕಾಗದ ಮಂಕಾಗಿತ್ತು. ಹಾಗೆ ಹೊಳೆಯುವ ಬಿಳುಪುಕಾರಕಗಳು ಕಾಗದಕ್ಕೆ ಬಂದದ್ದೇ ಎಷ್ಟೋ ವರ್ಷ ಆದ ಮೇಲೆ ಅಲ್ವಾ? ಅಷ್ಟು ನೋಡಿದ ಮೇಲೆ ಹೊಟ್ಟೆ ಉರಿದುಹೋಯಿತು. (ಈ ದ್ರವಕ್ಕೆ ಬೆಂಕಿ ಬೇಗ ಹತ್ತುತ್ತದೆ, ಕಿಟಕಿ ತೆಗೆದಿಡಿ. ಕೆಲವು ಚೀಟಿಗಳ ಶಾಯಿ ಇದರಲ್ಲಿ ಕರಗುತ್ತದೆ, ಮೊದಲೇ ವಿಚಾರಿಸಿಕೊಳ್ಳಿ.)

ಇದರ ಉಲ್ಟಾ ಮೋಸವೂ ಇದೆ. ಇದೇ ಸರಣಿಯ ಸುರುಳಿ ಚೀಟಿಗಳಿಗೆ (ಹಾಳೆಯ ಬದಲು ಉದ್ದ ಪಟ್ಟಿಯಾಗಿ ಸುತ್ತಿ ಮಾರಿದವು) ಎದುರುಬದುರಿನ ಎರಡು ಬದಿ ಬೋಳಾಗಿರುತ್ತವೆ. ಸಾಮಾನ್ಯ ಚೀಟಿಯ ಹಲ್ಲು ಕತ್ತರಿಸಿ ಅದನ್ನೇ ಸುರುಳಿ ಚೀಟಿ ಅಂತ ಮಾರುತ್ತಾರೆ. ಹಲ್ಲೇ ಇಲ್ಲದ ಚೀಟಿ ಅಂತ ಹೇಳಿದರೂ ಅಷ್ಟೇ, ಒಂಟಿಯಾಗಿ ಕೊಳ್ಳಬೇಡಿ, ಕೂಡಿಕೊಂಡಿರುವ ಜೋಡಿಯನ್ನೇ ಕೇಳಿ. ಬಳಸದ ಚೀಟಿಯಾದರೆ ಹಲ್ಲಿನ ತುದಿಗೆ ಗೋಂದು ಹರಿದು ಗಟ್ಟಿಯಾಗಿದೆಯಾ ನೋಡಿ. ಇದ್ದರೆ ಗೋಂದು ಆಮೇಲೆ ಬಳಿದಿರುವ ಸಾಧ್ಯತೆ ಜಾಸ್ತಿ.

ಒಂದೇ ಗುರುತು ನೋಡಿ ತೀರ್ಮಾನ ಮಾಡಬೇಡಿ. ಅಸಲಿ ಚೀಟಿಗಳ ಅಗಲವೂ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಕತ್ತರಿಯಿಂದ ಬಿಡಿಸಿದ್ದರೆ ಅಸಲಿ ಹಲ್ಲೂ ನುಣುಪಾಗಿರಬಹುದು. ನನ್ನ ಚೀಟಿಯಲ್ಲಿ ಎಲ್ಲವೂ ಒಂದೇ ಕಡೆಗೆ ಬೊಟ್ಟು ಮಾಡಿದವು.

ಮಾರಿದವರು ವಾಪಸ್ ತಗೊಳ್ಳಲಿಲ್ಲ. "ನೀವೇ ನೋಡಿ ಕೊಂಡ್ರಲ್ಲ" ಅಂದರು. ಪರಿಣತರ ಪ್ರಮಾಣಪತ್ರ ಸಿಕ್ಕರೆ ಮಾತ್ರ ವ್ಯಾಪಾರ ಪಕ್ಕಾ ಅಂತ ನಾನು ಮೊದಲೇ ಬರೆಸಿಕೊಳ್ಳಬೇಕಿತ್ತು. ಈಗ ಹಾಗೇ ಮಾಡುತ್ತೇನೆ.

ಆ ಚೀಟಿಯನ್ನು ನಾನು ಮಾರುವುದಿಲ್ಲ. ಆಲ್ಬಮ್‌ನಲ್ಲಿ ಅದರ ಕೆಳಗೆ "ಎಡಬದಿಯ ಹಲ್ಲು ಆಮೇಲೆ ಹೊಡೆದದ್ದು, ಮೇಲಿನ ಮೂಲೆಗೆ ತೇಪೆ ಹಾಕಿದೆ" ಅಂತ ಬರೆದಿಟ್ಟಿದ್ದೇನೆ. ಮುಂದೆ ಆಲ್ಬಮ್ ಯಾರ ಕೈಗೆ ಹೋದರೂ ಅವರಿಗೆ ಗೊತ್ತಿರಲಿ.